ಊದಿದಷ್ಟೂ ಬೆಳ್ಳಗೇ ಉಳಿದ ಸುಣ್ಣದ ತಿಳಿನೀರು

ಪ್ರಶ್ನೆ: ನಮಸ್ಕಾರ ಸರ್. ನಾನು ಹತ್ತನೆಯ ತರಗತಿಯ ವಿದ್ಯಾರ್ಥಿನಿ. ಸುಣ್ಣದ ತಿಳಿನೀರಿಗೆ ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಅದು ಹಾಲಿನಂತಾಗುತ್ತದೆ, ಇನ್ನೂ ಹಾಯಿಸಿದರೆ ಮತ್ತೆ ತಿಳಿಯಾಗುತ್ತದೆ ಎಂದು ಓದಿದ್ದೇನೆ. ನಾನು ಪ್ರನಾಳದಲ್ಲಿ ತಿಳಿನೀರು ತೆಗೆದುಕೊಂಡು ಕೊಳವೆಯ ಮೂಲಕ ಹತ್ತು ನಿಮಿಷ ಊದಿದೆ. ಬೇಗನೆ ಬೆಳ್ಳಗಾಯಿತು, ಆದರೆ ತಿಳಿಯಾಗಲೇ ಇಲ್ಲ. ನನ್ನ ಗೆಳತಿ ಅಮೃತಶಿಲೆಯ ಚೂರುಗಳ ಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಬಂದ ಅನಿಲವನ್ನು ನೇರವಾಗಿ ಹಾಯಿಸಿದಳು. ಅವಳದು ಪೂರ್ತಿ ತಿಳಿಯಾಯಿತು. ಅನಿಲ ಒಂದೇ ಆಗಿರುವಾಗ ಹೀಗೇಕೆ?

ಉತ್ತರ: ಹತ್ತು ನಿಮಿಷ ಊದಿ, ಕಂಡದ್ದನ್ನು ಕಂಡಂತೆಯೇ ಬರೆದಿದ್ದೀರಿ, ಬಹಳ ಸಂತೋಷ. ನಿಮ್ಮ ಪ್ರಯೋಗ ತಪ್ಪಾಗಿಲ್ಲ.

ಮೊದಲು ತಿಳಿನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅನಿಲದೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ. ಇದು ಶುದ್ಧ ನೀರಿನಲ್ಲಿ ಲೀಟರಿಗೆ 13 ಮಿಲಿಗ್ರಾಂ ಆಸುಪಾಸು ಮಾತ್ರ ಕರಗುವುದರಿಂದ ಪ್ರಕ್ಷೇಪವಾಗಿ ಕಾಣುತ್ತದೆ; ನೀವು ನೋಡಿದ ಬಿಳುಪು ಅದೇ. ಆಮೇಲೆ ಬರುವ ಅನಿಲವು ನೀರು ಮತ್ತು ಈ ಕಾರ್ಬೋನೇಟಿನೊಡನೆ ಸೇರಿ ಕ್ಯಾಲ್ಸಿಯಂ ಬೈಕಾರ್ಬೋನೇಟ್ ಆಗುತ್ತದೆ, ಅದು ದ್ರಾವಣದಲ್ಲಿಯೇ ಉಳಿಯುತ್ತದೆ. ಈ ಎರಡನೆಯ ಕ್ರಿಯೆ ಹಿಂದಕ್ಕೂ ಮುಂದಕ್ಕೂ ನಡೆಯುವಂಥದ್ದು. ಅದು ಎಲ್ಲಿ ನಿಲ್ಲಬೇಕೆಂಬುದನ್ನು ನಿರ್ಧರಿಸುವುದು ನೀವು ಎಷ್ಟು ಹೊತ್ತು ಊದಿದಿರಿ ಎಂಬುದಲ್ಲ, ನೀರಿನ ಮೇಲಿರುವ ಇಂಗಾಲದ ಡೈಆಕ್ಸೈಡಿನ ಆಂಶಿಕ ಒತ್ತಡ, ಎಂದರೆ ಅನಿಲಗಳ ಒಟ್ಟು ಒತ್ತಡದಲ್ಲಿ ಇದೊಂದರ ಪಾಲು.

ನಾವು ಹೊರಬಿಡುವ ಉಸಿರಿನಲ್ಲಿ ಈ ಅನಿಲ ಸುಮಾರು 4 ಶೇಕಡಾ ಮಾತ್ರ ಇರುತ್ತದೆ, ಎಂದರೆ ಅದರ ಆಂಶಿಕ ಒತ್ತಡ 0.04 ವಾಯುಭಾರದಷ್ಟು (ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 1 ವಾಯುಭಾರ). ಆಮ್ಲದಿಂದ ಬರುವ ಅನಿಲ, ಪಾತ್ರೆಯಲ್ಲಿದ್ದ ಗಾಳಿಯೆಲ್ಲ ಹೊರಹೋದ ಮೇಲೆ, ಹೆಚ್ಚುಕಡಿಮೆ 1 ವಾಯುಭಾರದಲ್ಲಿರುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, 1 ವಾಯುಭಾರದ ಶುದ್ಧ ಅನಿಲದ ಕೆಳಗೆ ಲೀಟರ್ ನೀರಿನಲ್ಲಿ ಸುಮಾರು 0.9 ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟ್ ಕರಗುತ್ತದೆ. ಈ ಪ್ರಮಾಣವು ಒತ್ತಡದ ಘನಮೂಲಕ್ಕೆ ಅನುಗುಣವಾಗಿ ಇಳಿಯುವುದರಿಂದ, ಉಸಿರಿನ ಕೆಳಗೆ ಕರಗುವುದು ಸುಮಾರು 0.3 ಗ್ರಾಂ ಮಾತ್ರ.

ಇನ್ನು ನಿಮ್ಮ ಪ್ರನಾಳದ ಲೆಕ್ಕಕ್ಕೆ ಬರೋಣ. ಪರ್ಯಾಪ್ತ, ಎಂದರೆ ಇನ್ನು ಕರಗಲಾರದಷ್ಟು ಸುಣ್ಣ ಕರಗಿರುವ, ತಿಳಿನೀರಿನಲ್ಲಿ ಲೀಟರಿಗೆ ಸುಮಾರು 1.7 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇರುತ್ತದೆ. ಅದರ ಅಣುತೂಕ 74, ಕಾರ್ಬೋನೇಟಿನದು 100. ಆದ್ದರಿಂದ ಅಷ್ಟೂ ಬದಲಾದರೆ 2.3 ಗ್ರಾಂ ಕಾರ್ಬೋನೇಟ್ ಸಿಗುತ್ತದೆ. 0.3 ಗ್ರಾಂ ಹಿಡಿಸುವ ಕಡೆ 2.3 ಗ್ರಾಂ ಇದ್ದರೆ ಉಳಿದದ್ದು ಬೆಳ್ಳಗೇ ನಿಲ್ಲಬೇಕು, ಗಂಟೆಗಟ್ಟಲೆ ಊದಿದರೂ ಅಷ್ಟೇ.

ಆದರೆ ಇದೇ ಲೆಕ್ಕ ನಿಮ್ಮ ಗೆಳತಿಯ ಪ್ರನಾಳದ ಮೇಲೆ ಅನುಮಾನ ಹುಟ್ಟಿಸುತ್ತದೆ. 0.9 ಕೂಡ 2.3ಕ್ಕಿಂತ ಕಡಿಮೆಯೇ ಅಲ್ಲವೇ? ಅವರ ತಿಳಿನೀರು ಮೊದಲೇ ತೆಳುವಾಗಿದ್ದಿರಬೇಕು, ಇಲ್ಲವೇ ಅನಿಲದ ಜೊತೆಗೆ ಆಮ್ಲದ ಆವಿಯೂ ಬಂದು ಕಾರ್ಬೋನೇಟನ್ನು ಕ್ಯಾಲ್ಸಿಯಂ ಕ್ಲೋರೈಡ್ ಆಗಿ ಕರಗಿಸಿರಬೇಕು. ತಿಳಿಯಾದ ದ್ರಾವಣವನ್ನು ಕುದಿಸಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ಬೈಕಾರ್ಬೋನೇಟ್ ಆಗಿದ್ದರೆ ಅನಿಲ ಹೊರಟುಹೋಗಿ ಬಿಳುಪು ಮರಳುತ್ತದೆ; ಕ್ಲೋರೈಡ್ ಆಗಿದ್ದರೆ ಮರಳುವುದಿಲ್ಲ.

ಮರುಪ್ರಶ್ನೆ: ಧನ್ಯವಾದಗಳು ಸರ್. ನಮ್ಮ ಶಿಕ್ಷಕರ ಎದುರಿನಲ್ಲಿಯೇ ಕುದಿಸಿದೆವು. ಗೆಳತಿಯ ದ್ರಾವಣ ತಿಳಿಯಾಗಿಯೇ ಉಳಿಯಿತು. ಹೋಲಿಕೆಗೆಂದು ಏನನ್ನೂ ಹಾಯಿಸದ ತಿಳಿನೀರನ್ನೂ ಕಾಯಿಸಿದೆವು. ಅದು ಮಸುಕಾಯಿತು! ಅದರಲ್ಲಿ ಇಂಗಾಲದ ಡೈಆಕ್ಸೈಡ್ ಇರಲೇ ಇಲ್ಲವಲ್ಲ?

ಉತ್ತರ: ಹೋಲಿಕೆಯ ಪ್ರನಾಳ ಇಟ್ಟುಕೊಂಡದ್ದು ನಿಮ್ಮ ಪ್ರಯೋಗದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಸಂಗತಿ. ಗೆಳತಿಯ ದ್ರಾವಣ ಮಸುಕಾಗದ್ದರಿಂದ ಆಮ್ಲದ ಆವಿಯೇ ಕಾರಣವೆಂದು ಹೇಳಬಹುದು. ಮುಂದಿನ ಬಾರಿ ಅನಿಲವನ್ನು ನೀರಿರುವ ಒಂದು ಸೀಸೆಯ ಮೂಲಕ ಹಾಯಿಸಿ ತೊಳೆಯಿರಿ. ಆಮ್ಲ ಬದಲಿಸೋಣವೆಂದು ಸಲ್ಫ್ಯೂರಿಕ್ ಆಮ್ಲ ಬಳಸಬೇಡಿ. ಕ್ಯಾಲ್ಸಿಯಂ ಸಲ್ಫೇಟ್ ಚೂರುಗಳ ಮೇಲೆ ಪದರವಾಗಿ ಕೂತು ಕ್ರಿಯೆಯನ್ನು ನಿಲ್ಲಿಸಿಬಿಡುತ್ತದೆ.

ಬರೀ ತಿಳಿನೀರು ಮಸುಕಾದದ್ದು ಬೇರೆ ಕಾರಣಕ್ಕೆ. ಉಪ್ಪು, ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುವುದನ್ನು ಕಂಡಿರುವ ನಮಗೆ ಇದು ವಿಚಿತ್ರವೆನಿಸುತ್ತದೆ, ಆದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಿಸಿಯಾದಂತೆ ಕಡಿಮೆ ಕರಗುತ್ತದೆ: 100 ಡಿಗ್ರಿಯ ಹತ್ತಿರ ಲೀಟರಿಗೆ ಸುಮಾರು 0.7 ಗ್ರಾಂ ಮಾತ್ರ. ಅದು ಕರಗುವಾಗ ಶಾಖ ಬಿಡುಗಡೆಯಾಗುವುದರಿಂದ, ಹೊರಗಿನಿಂದ ಶಾಖ ಕೊಟ್ಟಾಗ ಸಮತೋಲನವು ಕರಗದ ಕಡೆಗೆ ವಾಲುತ್ತದೆ. ಫ್ರಾನ್ಸಿನ ರಸಾಯನವಿಜ್ಞಾನಿ ಲೆ ಶಾಟೆಲಿಯೆ 1884ರಲ್ಲಿ ಹೇಳಿದ ತತ್ವ ಇದೇ. ಎರಡು ಮಸುಕುಗಳ ವ್ಯತ್ಯಾಸ ತಿಳಿಯಲು ಪ್ರನಾಳವನ್ನು ಮುಚ್ಚಿ ತಣ್ಣಗಾಗಲು ಬಿಡಿ, ನಡುನಡುವೆ ಅಲುಗಾಡಿಸಿ. ಹೈಡ್ರಾಕ್ಸೈಡಿನ ಮಸುಕು ನಿಧಾನವಾಗಿ ಕರಗುತ್ತದೆ. ಬೈಕಾರ್ಬೋನೇಟಿನಿಂದ ಬಂದ ಮಸುಕು ಕರಗುವುದಿಲ್ಲ, ಏಕೆಂದರೆ ಅದನ್ನು ಕರಗಿಸಬೇಕಾದ ಅನಿಲ ಆಗಲೇ ಹೊರಟುಹೋಗಿರುತ್ತದೆ.

ಊದಿಯೇ ತಿಳಿಯಾಗಿಸುವ ಆಸೆ ಇದ್ದರೆ, ಒಂದು ಭಾಗ ತಿಳಿನೀರಿಗೆ ಒಂಬತ್ತು ಭಾಗ ಬಟ್ಟಿ ಇಳಿಸಿದ ನೀರು ಬೆರೆಸಿ. ಆಗ ಕಾರ್ಬೋನೇಟ್ ಲೀಟರಿಗೆ 0.23 ಗ್ರಾಂ ಮಾತ್ರ ಆಗುವುದರಿಂದ ಬಿಳುಪು ತೆಳುವಾಗಿ ಮೂಡಿ, ತಾಳ್ಮೆಯಿಂದ ಊದಿದರೆ ಮಾಯವಾಗುತ್ತದೆ. ಆದರೆ ಕೊಳವೆಯಲ್ಲಿ ಊದುವುದಷ್ಟೇ, ಹೀರಬೇಡಿ: ಬೆರೆಸದ ತಿಳಿನೀರಿನ ಪಿಎಚ್ 12ಕ್ಕೂ ಹೆಚ್ಚು, ಬೆರೆಸಿದ ಮೇಲೂ ಅದು ಕ್ಷಾರವೇ. ಕಣ್ಣಿಗೆ ಕನ್ನಡಕವೂ ಇರಲಿ.