ಶಾಲೆ ಬಿಟ್ಟು ಮನೆಯಲ್ಲಿರುವ ಬೌದ್ಧಿಕ ಅಸಾಮರ್ಥ್ಯದ ವಯಸ್ಕರು: ಸಂಶೋಧನೆಗೆ ತಲುಪುವುದು ಹೇಗೆ, ಸಹಿ ಯಾರದು?

ಸಹ್ಯಾದ್ರಿ_ಪಿಎಚ್‌ಡಿ

ನಮಸ್ಕಾರ. ಶಿವಮೊಗ್ಗ ಜಿಲ್ಲೆಯಲ್ಲಿ 18ರಿಂದ 35 ವಯಸ್ಸಿನ, ಸೌಮ್ಯ ಮತ್ತು ಮಧ್ಯಮ ಮಟ್ಟದ ಬೌದ್ಧಿಕ ಅಸಾಮರ್ಥ್ಯ ಇರುವವರ ದಿನಚರಿ, ಕೆಲಸ, ಅವರ ಕೈಗೆ ಬರುವ ದುಡ್ಡು ಇವುಗಳ ಬಗ್ಗೆ ಅಧ್ಯಯನ ಮಾಡುತ್ತಿದ್ದೇನೆ. 60 ಜನ ಬೇಕು. ಒಬ್ಬೊಬ್ಬರಿಗೆ ಎರಡು ಭೇಟಿ, ಒಂದೊಂದು 40 ನಿಮಿಷ. ವಿಶೇಷ ಶಾಲೆಗಳ ಮೂಲಕ ಪತ್ರ ಕಳಿಸಿದರೆ ಪೇಟೆಯವರೇ ಬರುತ್ತಾರೆ, ಅದರಲ್ಲೂ ಹೆಚ್ಚಿನವರು ಗಂಡುಮಕ್ಕಳು. ಹಳ್ಳಿಯಲ್ಲಿ ಮನೆಯಲ್ಲೇ ಇರುವವರನ್ನು ತಲುಪುವುದು ಹೇಗೆ? 18 ದಾಟಿದವರ ಪರವಾಗಿ ಅಪ್ಪ-ಅಮ್ಮ ಸಹಿ ಹಾಕಿದರೆ ಸಾಕಾ?

ತಾಲ್ಲೂಕು_ಪುನರ್ವಸತಿ

ಶಾಲೆಯ ದಾರಿಯೊಂದನ್ನೇ ಹಿಡಿದರೆ ಹಾಗೇ ಆಗುತ್ತದೆ. ಶಾಲೆಗೆ ಹೋಗದವರು, ಹತ್ತು ವರ್ಷದ ಹಿಂದೆಯೇ ಬಿಟ್ಟವರು, ಅರ್ಧದಲ್ಲಿ ಬಿಡಿಸಿದ ಹೆಣ್ಣುಮಕ್ಕಳು ಆ ರಿಜಿಸ್ಟರಿನಲ್ಲಿ ಇರುವುದೇ ಇಲ್ಲ. ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕಿನ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅವರನ್ನು ಹಿಡಿಯಿರಿ. ಯಾವ ಮನೆಯಲ್ಲಿ ಯಾರಿದ್ದಾರೆ ಎಂದು ಅವರಿಗೆ ಗೊತ್ತು. ಮೊದಲು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಗೆ ಪತ್ರ ಕೊಟ್ಟು, ತಿಂಗಳ ಸಭೆಯಲ್ಲಿ ಹತ್ತು ನಿಮಿಷ ಮಾತಾಡಲು ಅವಕಾಶ ಕೇಳಿ.

ಆದರೆ ಅವರ ಹತ್ತಿರ ಹೆಸರಿನ ಪಟ್ಟಿ ಕೇಳಬೇಡಿ. ಕೊಟ್ಟರೂ ತೆಗೆದುಕೊಳ್ಳಬೇಡಿ, ಅದು ಆ ಕುಟುಂಬಗಳ ಖಾಸಗಿ ಮಾಹಿತಿ. ನಿಮ್ಮ ಕರಪತ್ರ ಅವರು ಹಂಚಲಿ. ಆಸಕ್ತಿ ಇದ್ದವರು ನಿಮಗೆ ಮಿಸ್ಡ್ ಕಾಲ್ ಕೊಡಲಿ, ಇಲ್ಲವೇ "ಫೋನ್ ಮಾಡಬಹುದು" ಎಂಬ ಚೀಟಿಗೆ ಸಹಿ ಮಾಡಿ ಕೊಡಲಿ. ಆಮೇಲೆ ಮಾತಾಡುವವರು ನೀವು. ವಿಆರ್‌ಡಬ್ಲ್ಯು ಜೊತೆಗೇ ಮನೆಗೆ ಹೋದರೆ ಇದು ಸರ್ಕಾರದ ಸರ್ವೆ, ಬೇಡ ಅನ್ನಲಾಗದು ಎಂದು ಜನ ಅಂದುಕೊಳ್ಳುತ್ತಾರೆ.

ಯುಡಿಐಡಿ ಕಾರ್ಡ್ (ಅಂಗವೈಕಲ್ಯದ ವಿಶಿಷ್ಟ ಗುರುತಿನ ಚೀಟಿ) ನೋಡುವಾಗ ಎರಡು ಕಡೆ ಎಡವುತ್ತಾರೆ. ಒಂದು, ಮಾನಸಿಕ ಅಸ್ವಸ್ಥತೆ ಎಂದಿರುವ ಕಾರ್ಡನ್ನೂ ಬೌದ್ಧಿಕ ಅಸಾಮರ್ಥ್ಯದ ಲೆಕ್ಕಕ್ಕೆ ಸೇರಿಸುವುದು. ಎರಡು, ಶೇಕಡಾವಾರನ್ನು ಐಕ್ಯೂ ಎಂದು ಓದುವುದು. 2018ರ ಮಾರ್ಗಸೂಚಿ ಪ್ರಕಾರ ಸೌಮ್ಯಕ್ಕೆ ಶೇ. 50, ಮಧ್ಯಮಕ್ಕೆ ಶೇ. 75 ಕೊಡುತ್ತಿದ್ದರು, ಹಾಗಾಗಿ ಕಾರ್ಡಿನಿಂದ ಒಂದು ಅಂದಾಜು ಸಿಗುತ್ತದೆ, ಅಷ್ಟೆ. ಮಟ್ಟ ಖಚಿತವಾಗಬೇಕಿದ್ದರೆ ವಿಎಸ್‌ಎಂಎಸ್ (ದಿನನಿತ್ಯದ ಸಾಮಾಜಿಕ ಕೌಶಲ ಅಳೆಯುವ ಪರೀಕ್ಷೆ) ನೀವೇ ಮಾಡಿಸಬೇಕು. ಕಾರ್ಡ್ ಇಲ್ಲದವರನ್ನು ಹೊರಗಿಟ್ಟರೆ ನೀವು ಹುಡುಕುತ್ತಿರುವ ಬಡ ಮನೆಗಳೇ ಮೊದಲು ಕೈಬಿಟ್ಟುಹೋಗುತ್ತವೆ.

ಸಂಖ್ಯೆಯ ಬಗ್ಗೆ ಒಂದು ಮಾತು. ಐದರಲ್ಲಿ ಒಬ್ಬರು ಎರಡನೇ ಭೇಟಿಗೆ ಸಿಗುವುದಿಲ್ಲ ಎಂದಿಟ್ಟುಕೊಂಡರೆ 60ಕ್ಕೆ 12 ಸೇರಿಸಿ 72 ಅಲ್ಲ, 75 ಜನ ಬೇಕು. 60ನ್ನು 0.8ರಿಂದ ಭಾಗಿಸಿ ನೋಡಿ.

ನೈತಿಕ_ಸಮಿತಿ_ಸದಸ್ಯೆ

ಸಹಿಯ ವಿಷಯ: ಸಾಕಾಗುವುದಿಲ್ಲ. 18 ತುಂಬಿದ ಮೇಲೆ ಅಪ್ಪ-ಅಮ್ಮ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಮುಂದುವರಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಸ್ಥಳೀಯ ಮಟ್ಟದ ಸಮಿತಿಯಿಂದ ಆದೇಶ ಪಡೆದಿರಬೇಕು. ಅದನ್ನು ಮಾಡಿಸದ ಮನೆಗಳು ಬಹಳ. ನಿಮ್ಮ ಗುಂಪಿನಲ್ಲಿ ಹೆಚ್ಚಿನವರು ಸಂದರ್ಶನ ಎಂದರೇನು ಎಂದು ತಿಳಿದು ತಾವೇ ಒಪ್ಪಬಲ್ಲರು. ಅವರ ಸಹಿ ಅಥವಾ ಹೆಬ್ಬೆಟ್ಟು ಅವರದ್ದೇ ಇರಲಿ, ಮನೆಯವರು ನೆರವಿಗೆ ಪಕ್ಕದಲ್ಲಿರಲಿ. ಹೆಬ್ಬೆಟ್ಟಾದರೆ ಸಂಶೋಧನೆಗೆ ಸಂಬಂಧವಿಲ್ಲದ, ಓದು ಬಲ್ಲ ಒಬ್ಬ ಸಾಕ್ಷಿ ಬೇಕು. ತಾವೇ ಒಪ್ಪಲಾಗದವರಿಗೆ ಕಾನೂನುಬದ್ಧ ಪ್ರತಿನಿಧಿಯ ಸಮ್ಮತಿ, ಜೊತೆಗೆ ಆ ವ್ಯಕ್ತಿಯೂ ತನಗೆ ತಿಳಿದಷ್ಟರ ಮಟ್ಟಿಗೆ ಹೂಂ ಅನ್ನಬೇಕು. ಯಾರಿಗೆ ಯಾವುದು, ಯಾರು ತೀರ್ಮಾನಿಸುತ್ತಾರೆ ಎಂದು ಎಥಿಕ್ಸ್ ಕಮಿಟಿಗೆ ಕೊಡುವ ಅರ್ಜಿಯಲ್ಲೇ ಬರೆಯಿರಿ. ಬರೆಯದೆ ಬಂದ ಅರ್ಜಿ ವಾಪಸ್ ಹೋಗುವುದು ಇಲ್ಲಿಯೇ.

ಅನೇಕರಿಗೆ ತಿಳಿಯದ ಇನ್ನೊಂದಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 6(2)ನೇ ಸೆಕ್ಷನ್ ಪ್ರಕಾರ, ಅರ್ಥವಾಗುವ ರೂಪದಲ್ಲಿ ಪಡೆದ ಸಮ್ಮತಿಯ ಜೊತೆಗೆ ಸರ್ಕಾರ ರಚಿಸುವ ಅಂಗವೈಕಲ್ಯ ಸಂಶೋಧನಾ ಸಮಿತಿಯ ಪೂರ್ವಾನುಮತಿಯೂ ಬೇಕು. ಸಂಸ್ಥೆಯ ಎಥಿಕ್ಸ್ ಕಮಿಟಿ ಒಪ್ಪಿದರೆ ಅದು ಮುಗಿದಂತಲ್ಲ. ನಿಮ್ಮ ಗೈಡ್ ಮೂಲಕ ಈಗಲೇ ವಿಕಲಚೇತನರ ಇಲಾಖೆಯ ನಿರ್ದೇಶನಾಲಯಕ್ಕೆ ಬರೆಯಿರಿ.

ಸಹ್ಯಾದ್ರಿ_ಪಿಎಚ್‌ಡಿ

6(2) ನನ್ನ ಗಮನಕ್ಕೆ ಬಂದಿರಲಿಲ್ಲ, ತುಂಬ ಉಪಕಾರವಾಯಿತು. ಇನ್ನೊಂದು ಸಂದೇಹ: ಅವರು ನಿಜವಾಗಿ ಒಪ್ಪಿದರೋ, ಸುಮ್ಮನೆ "ಹೂಂ" ಅಂದರೋ ಹೇಗೆ ತಿಳಿಯುವುದು?

ವಿಶೇಷ_ಶಿಕ್ಷಕಿ

ಇದೇ ಮುಖ್ಯ ಪ್ರಶ್ನೆ. ದೊಡ್ಡವರು ಕೇಳಿದ್ದಕ್ಕೆಲ್ಲ ಹೂಂ ಅನ್ನುವುದನ್ನು ನಮ್ಮ ಮಕ್ಕಳಿಗೆ ಚಿಕ್ಕಂದಿನಿಂದ ಕಲಿಸಿರುತ್ತಾರೆ. ಅದಕ್ಕೇ ಮೊದಲು "ಬೇಡ" ಅನ್ನುವುದನ್ನು ಅಭ್ಯಾಸ ಮಾಡಿಸಿ. ಹಸಿರು ಕಾರ್ಡು, ಕೆಂಪು ಕಾರ್ಡು ಕೈಗೆ ಕೊಟ್ಟು, ಅವರಿಗೆ ಇಷ್ಟವಿಲ್ಲವೆಂದು ಗೊತ್ತಿರುವ ತಿಂಡಿ ಮುಂದಿಡಿ. ಕೆಂಪು ಎತ್ತಿದ ಕೂಡಲೇ ತಟ್ಟೆ ತೆಗೆದುಬಿಡಿ. ಕೆಂಪು ಎತ್ತಿದರೆ ಎದುರಿನವರು ನಿಲ್ಲಿಸುತ್ತಾರೆ ಎಂಬುದು ಕಣ್ಣಿಗೆ ಕಾಣಬೇಕು. ಸಂದರ್ಶನದುದ್ದಕ್ಕೂ ಆ ಕಾರ್ಡು ಮೇಜಿನ ಮೇಲೆಯೇ ಇರಲಿ.

ಸಮ್ಮತಿ ಪತ್ರ ಐದಾರು ಪುಟ ಆದರೂ ಪರವಾಗಿಲ್ಲ, ಆದರೆ ಒಂದು ಸಾಲಿಗೆ ಒಂದೇ ವಿಷಯ, ಪಕ್ಕಕ್ಕೊಂದು ಫೋಟೋ, ಅಕ್ಷರ 16 ಪಾಯಿಂಟಿಗಿಂತ ಚಿಕ್ಕದಾಗದಿರಲಿ. ಇಂಟರ್ನೆಟ್ಟಿನ ಕಾರ್ಟೂನು ಚಿತ್ರ ಬೇಡ. ನಿಮ್ಮ ಮುಖ, ನೀವು ತರುವ ರೆಕಾರ್ಡರು, ಅದರ ಕೆಂಪು ದೀಪ ಹತ್ತಿರದಿಂದ ತೆಗೆದದ್ದು, ಹೀಗೆ. "ಈ ದೀಪ ಹತ್ತಿದರೆ ನಮ್ಮ ಮಾತು ಇದರಲ್ಲಿ ಉಳಿಯುತ್ತದೆ" ಎಂದು ಕೆಳಗೆ ಬರೆಯಿರಿ.

ಓದಿ ಹೇಳಿದ ಮೇಲೆ "ಅರ್ಥ ಆಯ್ತಾ?" ಎಂದು ಕೇಳಲೇಬೇಡಿ, ಉತ್ತರ ಹೂಂ ಎಂದೇ ಬರುತ್ತದೆ. "ನಾನು ಯಾಕೆ ಬಂದೆ? ನಾವು ಏನು ಮಾತಾಡ್ತೀವಿ? ಮಧ್ಯದಲ್ಲಿ ಬೇಜಾರಾದರೆ ಏನು ಮಾಡ್ತೀರಿ?" ಎಂದು ಕೇಳಿ, ಅವರ ಮಾತಿನಲ್ಲೇ ಬರಲಿ. ತಪ್ಪಿದರೆ ಆ ಪುಟ ಮತ್ತೊಮ್ಮೆ ತೋರಿಸಿ. ಎರಡು ಆಯ್ಕೆ ಕೊಟ್ಟಾಗ ಕೊನೆಗೆ ಹೇಳಿದ್ದನ್ನೇ ಹಿಡಿಯುವವರಿದ್ದಾರೆ, ಹಾಗಾಗಿ ಸ್ವಲ್ಪ ಹೊತ್ತು ಬಿಟ್ಟು ಕ್ರಮ ಅದಲುಬದಲು ಮಾಡಿ ಕೇಳಿ. ಅದೇ ದಿನ ಸಹಿ ಹಾಕಿಸಬೇಡಿ. ಎರಡನೇ ಭೇಟಿಯಲ್ಲಿ ಒಪ್ಪಿಗೆಯನ್ನು ಹೊಸದಾಗಿ ಕೇಳಿ. ಬಾಯಲ್ಲಿ ಬೇಡ ಅನ್ನದವರು ಮುಖ ತಿರುಗಿಸುತ್ತಾರೆ, ಎದ್ದು ಒಳಗೆ ಹೋಗುತ್ತಾರೆ, ಉತ್ತರ ಚಿಕ್ಕದಾಗುತ್ತಾ ಹೋಗುತ್ತದೆ. ಅಮ್ಮ "ಕೂತ್ಕೊಳೋ" ಎಂದು ಗದರಿದರೂ ನೀವು ನಿಲ್ಲಿಸಬೇಕು.

ಸಾಗರದ_ಅಮ್ಮ

ಮನೆಯವರ ಕಡೆಯಿಂದ ಎರಡು ವಿಷಯ. ಜನ ಹಿಂಜರಿಯುವುದು ಮಾಸಾಶನದ ಭಯಕ್ಕೆ. ಹೊಸದಾಗಿ ಪರೀಕ್ಷೆ ಮಾಡಿದರೆ ಪರ್ಸೆಂಟೇಜ್ ಇಳಿದು ದುಡ್ಡು ನಿಲ್ಲುತ್ತದೆ ಅಂತ. "ಇದಕ್ಕೂ ನಿಮ್ಮ ಮಾಸಾಶನಕ್ಕೂ ಸಂಬಂಧ ಇಲ್ಲ, ಯಾವ ಕಚೇರಿಗೂ ಹೋಗುವುದಿಲ್ಲ" ಎಂದು ಕರಪತ್ರದ ಮೊದಲ ಸಾಲಿನಲ್ಲೇ ಹಾಕಿ. ಇದರಿಂದ ಚಿಕಿತ್ಸೆ ಸಿಗುವುದಿಲ್ಲ ಎಂದೂ ಅಲ್ಲೇ ಹೇಳಿ, ಆಮೇಲೆ ನಿರಾಸೆ ಆಗಬಾರದು.

ಊರಿಗೆ ನೀವೇ ಬನ್ನಿ. ಸಾಧ್ಯವಾಗದಿದ್ದರೆ ಪ್ರಯಾಣ ವೆಚ್ಚ ಕೊಡಿ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತ ಎಂದು ಬಜೆಟ್ಟಿನಲ್ಲಿ ಸೊನ್ನೆ ಹಾಕಬೇಡಿ, ಅದು ಸರ್ಕಾರಿ ಬಸ್ಸಿಗೆ ಮಾತ್ರ, ನಮ್ಮ ಕಡೆ ಎಷ್ಟೋ ಊರಿಗೆ ಓಡುವುದು ಖಾಸಗಿ ಬಸ್ಸು. ಜೊತೆಗೆ ಬರುವವರ ಆ ದಿನದ ಕೂಲಿಯನ್ನೂ ಸೇರಿಸಿ. ಆಯಾ ಭೇಟಿಯ ದಿನವೇ ಕೊಟ್ಟುಬಿಡಿ, ಅರ್ಧಕ್ಕೆ ಬೇಡ ಅಂದವರಿಗೂ ಪೂರ್ತಿ ಕೊಡಿ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಮನೆಯಲ್ಲಿ ಯಾರೂ ಸಿಗುವುದಿಲ್ಲ. ಫೆಬ್ರವರಿ ಕಳೆದ ಮೇಲೆ ಬನ್ನಿ, ಬರುವ ಹಿಂದಿನ ದಿನ ಫೋನ್ ಮಾಡಿ.