ಮೈಟಿ, ವೋಲ್ಕೇನೊ ಹಬೆಯಂತ್ರ ಎರಡರಲ್ಲೂ 185 ಡಿಗ್ರಿ, ಪರಿಣಾಮ ಮಾತ್ರ ಬೇರೆ. ಯಾಕೆ?

ಪ್ರಶ್ನೆ: ನಾನು ಜರ್ಮನಿಯಲ್ಲಿದ್ದೇನೆ. ನರದ ನೋವಿಗೆ ಡಾಕ್ಟರ್ ಗಾಂಜಾ ಹೂವು ಬರೆದುಕೊಟ್ಟಿದ್ದಾರೆ, 2017ರಿಂದ ಇಲ್ಲಿ ಅದಕ್ಕೆ ಕಾನೂನೇ ಇದೆ. ಹೂವನ್ನು ಸುಡದೆ ಬಿಸಿಮಾಡಿ ಹಬೆ ಎಳೆಯಲು ಕೈಯಲ್ಲಿ ಹಿಡಿಯುವ ಮೈಟಿ ಯಂತ್ರ (ವೇಪರೈಸರ್) ಬಳಸುತ್ತಿದ್ದೆ. ಈಗ ಮೇಜಿನ ಮೇಲಿಡುವ ವೋಲ್ಕೇನೊ ತಗೊಂಡೆ. ಅದೇ ಹೂವು, ಅದೇ 185 ಡಿಗ್ರಿ, ಆದರೆ ಇದರ ಹಬೆ ತೆಳು, ರುಚಿ ಜಾಸ್ತಿ. ಯಾವುದನ್ನು ನಂಬಲಿ?

ಉತ್ತರ 1: ಪರದೆಯ ಮೇಲಿನ ಅಂಕಿ ಹೀಟರಿನದು ಅಕ್ಕ, ಹೂವಿನದಲ್ಲ. ವೋಲ್ಕೇನೊದಲ್ಲಿ ಪಂಪು ಬಿಸಿಗಾಳಿಯನ್ನು ಒಂದೇ ವೇಗದಲ್ಲಿ ಹೂವಿನ ಮೂಲಕ ಹಾಯಿಸಿ ಹಬೆಯನ್ನು ಚೀಲಕ್ಕೆ ತುಂಬುತ್ತದೆ, ಆ ಚೀಲದಿಂದ ಉಸಿರೆಳೆಯುವುದು. ಮೈಟಿಯಲ್ಲಿ ಹೂವಿನ ಪುಡಿ ಬಿಸಿ ಗೋಡೆಗೇ ತಾಗಿರುತ್ತದೆ, ಜೊತೆಗೆ ನೀವು ಜೋರಾಗಿ ಎಳೆದರೆ ತಣ್ಣನೆ ಗಾಳಿ ನುಗ್ಗಿ ಶಾಖ ಇಳಿಯುತ್ತದೆ, ನಿಧಾನಕ್ಕೆ ಎಳೆದರೆ ಹಬೆ ದಪ್ಪ ಬರುತ್ತದೆ, ಹಾಗಾಗಿ ಎರಡರ ಅಂಕಿ ಹೋಲಿಸಿ ಪ್ರಯೋಜನವಿಲ್ಲ.

ಉತ್ತರ 2: ಚೀಲ ತುಂಬಿಸಿ ಸುಮ್ನೆ ಇಡಬೇಡಿ, ಒಳಗೋಡೆಗೆ ಹಬೆ ಅಂಟಿಕೊಂಡು ಹೋಗುತ್ತದೆ. ಕಮ್ಮಿ ಶಾಖದಲ್ಲಿ ಸುವಾಸನೆಯ ಎಣ್ಣೆಗಳು ಮೊದಲು ಬರುತ್ತವೆ. 200 ದಾಟಿದರೆ ಹಬೆ ದಟ್ಟ, ಗಂಟಲು ಉರಿ, ಮಂಪರೂ ಜಾಸ್ತಿ. ಆಮೇಲೆ ಪುಡಿ ನೋಡಿ: ತಿಳಿ ಕಂದು ಇದ್ದರೆ ಇನ್ನೂ ಸತ್ವ ಉಳಿದಿದೆ, ಕಡುಕಂದು ಆದರೆ ಮುಗಿಯಿತು, ಕಪ್ಪಾದರೆ ಸುಡುತ್ತಿದೆ ಅಂತ ಅರ್ಥ.

ಉತ್ತರ 3: ನನ್ನ ಮಟ್ಟಿಗೆ ಮನೆಗೆ ವೋಲ್ಕೇನೊನೇ, ಕೆಲಸಕ್ಕೆ ಹೋಗುವಾಗ ಮೈಟಿ. ಹೊಸ ಯಂತ್ರದಲ್ಲಿ ಕಮ್ಮಿ ಹೂವಿನಿಂದ ಶುರುಮಾಡಿ, ಸ್ವಲ್ಪ ಹೊತ್ತು ಕಾಯಿರಿ, ಆಮೇಲೆ ಬೇಕಿದ್ದರೆ ಇನ್ನೊಂದು ಉಸಿರು. ಪ್ರಮಾಣ ಬದಲಿಸುವ ಮುಂಚೆ ಡಾಕ್ಟರನ್ನು ಕೇಳಿ, ಅಲ್ವಾ? ಊರಿಗೆ ಬರುವಾಗ ಹೂವನ್ನಂತೂ ತರಲೇಬೇಡಿ. ಜರ್ಮನಿಯ ಚೀಟಿ ಇದ್ದರೂ ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ಕೇಸಾಗುತ್ತದೆ.