ಅಪ್‌ಡೇಟ್: ಗ್ರಂಥಾಲಯದ ಪ್ರೋಗ್ರಾಂ ಈಗ ಕನ್ನಡ, ಮಲಯಾಳ ಎರಡನ್ನೂ ಓದುತ್ತದೆ

ಕುಂಬಳೆಯ ಗ್ರಂಥಾಲಯದ ಪೈಥಾನ್ ಪ್ರೋಗ್ರಾಂ ಪುಸ್ತಕದ ಹೆಸರನ್ನು ಗಟ್ಟಿಯಾಗಿ ಓದಿ ಹೇಳುವಾಗ ಹ್ಯಾಂಗ್ ಆಗುತ್ತದೆ, ಮಲಯಾಳ ಹೆಸರು ಬಂದರೆ ತಡವರಿಸುತ್ತದೆ ಎಂದು ಹೇಳಿ ಪರಿಹಾರ ಕೇಳಿದ್ದೆ. ಎರಡೂ ಸರಿಹೋದವು.

‘ರನ್ ಆ್ಯಂಡ್ ವೇಟ್’ ಎಂಬ ಓದಿಸುವ ಆಜ್ಞೆಯು ಓದಿ ಮುಗಿಸುವವರೆಗೆ ಬಟನ್‌ಗಳನ್ನು ತಡೆದಿಡುತ್ತಿತ್ತು. ಓದಿಸಲು ಬೇರೆಯೇ ಥ್ರೆಡ್ (ಜೊತೆಜೊತೆಗೆ ನಡೆಯುವ ಇನ್ನೊಂದು ಕೆಲಸದ ಎಳೆ), ಅದಕ್ಕೊಂದು ಕ್ಯೂ (ಓದಬೇಕಾದ ಹೆಸರುಗಳ ಸರದಿ ಸಾಲು) ಇಟ್ಟರೆ ಸಾಕು.

ಭಾಷೆಯದ್ದೇ ಸ್ವಾರಸ್ಯ. ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪದ್ಧತಿ ಯುನಿಕೋಡ್. ಯುನಿಕೋಡ್‌ನಲ್ಲಿ ಕನ್ನಡ 3200ರಿಂದ 3327. ಅದರ ಬೆನ್ನಿಗೇ ಮಲಯಾಳ, 3328ರಿಂದ 3455. ಎರಡೂ ಭಾಷೆಯಾಡುವ ನಮ್ಮೂರಿನ ಹಾಗೆಯೇ ಪಕ್ಕಪಕ್ಕ! ಅಕ್ಷರದ ಸಂಖ್ಯೆ ನೋಡಿ ಸಾಲನ್ನು ತುಂಡುಮಾಡಿ, ಬರಹವನ್ನು ಧ್ವನಿಯಾಗಿಸುವ ಈಸ್ಪೀಕ್ ಎನ್‌ಜಿಗೆ ‘ಕೆಎನ್’ (ಕನ್ನಡ) ಅಥವಾ ‘ಎಂಎಲ್’ (ಮಲಯಾಳ) ಧ್ವನಿ ಕೊಡಬೇಕು. ಅಂಕಿ, ಖಾಲಿ ಜಾಗ, ಅಕ್ಷರಗಳು ಕೂಡುವುದನ್ನು ನಿಯಂತ್ರಿಸುವ, ಕಣ್ಣಿಗೆ ಕಾಣದ 8204 ಮತ್ತು 8205 ಸಂಖ್ಯೆಯ ಚಿಹ್ನೆಗಳು ಹಿಂದಿನ ತುಂಡಿಗೇ ಸೇರಲಿ. ಇಲ್ಲದಿದ್ದರೆ ‘ರಿಜಿಸ್ಟರ್‌ನಲ್ಲಿ’ ಎಂಬುದು ‘ರಿಜಿಸ್ಟರ್’, ‘ನಲ್ಲಿ’ ಎಂದು ಎರಡಾಗುತ್ತದೆ. ಓದುವ ವೇಗವನ್ನು ನಿಮಿಷಕ್ಕೆ 140 ಪದಗಳಿಗೆ ಇಳಿಸಿದ ಮೇಲೆ ಒತ್ತಕ್ಷರಗಳೂ ಸ್ಪಷ್ಟ.